ಬೆಲ್ಲ ಬೆರೆಸಿದ ಸಿಮೆಂಟಿನ ಕರು

ನಿಪ್ಪಾಣಿಯ ಆ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರು ಏನು ಕೊಂಡರೂ ಅಂಗಡಿಯವನು ಒಂದು ಮಾತು ಕೇಳಿಯೇ ಕೇಳುತ್ತಾನೆ. ನಾನು ಒಂದು ಚೀಲ ಸಿಮೆಂಟು, ನಾಲ್ಕು ತೆಳು ಸರಳು, ಕೋಳಿಗೂಡಿನ ಜಾಳಿಗೆ, ರಬ್ಬರಿನ ಕೈಗವಸು, ಒಂದು ಜೋಡಿ ಗಾಗಲ್ ತೆಗೆದಿಡಿಸಿದ್ದೆ. ಆತ ಸಾಮಾನನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ.

"ಬಾತ್‌ರೂಮ್ ಕಟ್ಟಾಕತ್ತೀರೇನ್ರಿ ಮಾಸ್ತರ?"

"ಇಲ್ಲಪಾ. ಎಮ್ಮಿಕರಾ ಮಾಡಾಕತ್ತೇನಿ."

"ರೇಡಕೂ?" ಎಂದ. ಗಡಿಯ ಊರಲ್ಲವೇ, ಆಶ್ಚರ್ಯವಾದಾಗ ನಾಲಿಗೆಗೆ ಮೊದಲು ಬರುವುದು ಮರಾಠಿ. ರೇಡಕೂ ಅಂದರೆ ಎಮ್ಮೆಯ ಕರು. "ಸಿಮಿಟಿನ ರೇಡಕೂ? ಯಾರಿಗ್ರಿ?"

"ಎಮ್ಮಿಗೆ."

ಆತ ನಗಲಿಲ್ಲ. ಪಕ್ಕದ ಹೋಟೆಲಿನತ್ತ ತಿರುಗಿ ಒಂದು ಸ್ಪೆಷಲ್ ಚಹಾ ಹೇಳಿದ. ನಮ್ಮ ಕಡೆ ಎದುರಿಗಿರುವವನ ತಲೆ ತುಸು ಸಡಿಲಾಗಿದೆ ಎಂದು ಖಾತ್ರಿಯಾದರೆ ಮೊದಲು ಕೂರಿಸಿ ಚಹಾ ಕುಡಿಸುತ್ತಾರೆ. ನಾನೂ ಬೇಡವೆನ್ನದೆ ಕುಡಿದೆ.

ತಲೆ ಸಡಿಲಾಗಿರಲಿಲ್ಲ. ನಾನು ನಿವೃತ್ತ ಚಿತ್ರಕಲಾ ಮಾಸ್ತರ. ಚಿಕ್ಕೋಡಿ ಸುತ್ತಲಿನ ಶಾಲೆಗಳಲ್ಲಿ ಬದುಕಿಡೀ ಮಕ್ಕಳಿಗೆ ಕೊಡ, ತಂಬಿಗೆ, ಬದನೆಕಾಯಿ ಬರೆಯುವುದನ್ನು ಕಲಿಸಿದವನು. ಶಿಲ್ಪ ಮಾಡಬೇಕೆಂಬ ಆಸೆ ಮಾತ್ರ ಹೊಟ್ಟೆಯೊಳಗೇ ಉಳಿದಿತ್ತು. ಬಿಡುವಿನ ಅವಧಿಯಲ್ಲಿ ಸೀಮೆಸುಣ್ಣದ ತುಂಡನ್ನು ಕಂಪಾಸಿನ ಮೊನೆಯಿಂದ ಕೆತ್ತಿ ಮೊಲ, ನವಿಲು ಮಾಡುತ್ತಿದ್ದೆ. ಹೆಡ್‌ಮಾಸ್ತರರು ಬಂದು, "ಸರಕಾರದ ಖಡೂ ಹಾಳ ಮಾಡಬ್ಯಾಡ್ರಿ ಸರ," ಎಂದು ಮೊಲವನ್ನೇ ಎತ್ತಿಕೊಂಡು ಹೋಗಿ ಬೋರ್ಡಿನ ಮೇಲೆ ಗಣಿತ ಬರೆಯುತ್ತಿದ್ದರು. ನನ್ನ ಶಿಲ್ಪಗಳೆಲ್ಲ ಹಾಗೆ ಭಿನ್ನರಾಶಿಗಳಾಗಿ ಒರೆಸಿಹೋದವು.

ಈಗ ಎಮ್ಮೆಯ ಸಂಗತಿ. ಸದಲಗಾ ಹತ್ತಿರದ ನಮ್ಮ ಮನೆಯಲ್ಲಿ ಹೊಲ, ಕಬ್ಬು, ಒಂದಿಷ್ಟು ದ್ರಾಕ್ಷಿ ಎಲ್ಲ ಅಣ್ಣನ ಕಾರಭಾರ. ಎಮ್ಮೆ ಮಾತ್ರ ನನ್ನ ಹೆಂಡತಿಯದು. ಅವಳ ತವರು ಅಥಣಿ ಕಡೆಯ ಒಂದು ಹಳ್ಳಿ. ಅವಳ ತಾಯಿ ತೀರಿಕೊಂಡಾಗ ಅಣ್ಣತಮ್ಮಂದಿರು, "ನಿನಗ ಏನ್ ಬೇಕ ತಗೊಳವಾ," ಎಂದು ಕರೆದು ಕೇಳಿದರು. ಅಕ್ಕತಂಗಿಯರು ಪಾತಳದ ಸೀರೆ, ತಾಮ್ರದ ಹಂಡೆ ಆರಿಸಿಕೊಂಡರು. ಇವಳು ಹಟ್ಟಿಯತ್ತ ಬೆರಳು ಮಾಡಿದಳು. ತಾಯಿ ಕೊನೆಯವರೆಗೂ ಕೈಯಿಂದ ಹುಲ್ಲು ತಿನ್ನಿಸುತ್ತಿದ್ದ ಪಡ್ಡೆ ಎಮ್ಮೆ ಅಲ್ಲಿ ನಿಂತಿತ್ತು. ಟೆಂಪೋದಲ್ಲಿ ಅದರ ಪಕ್ಕದಲ್ಲೇ ನಿಂತು, ಅದರ ಉದ್ದ ಕೋಡು ಹಿಡಿದುಕೊಂಡು ಊರಿಗೆ ಬಂದವಳು ಇವಳು. ಮದುವೆಯಾಗಿ ನಮ್ಮನೆಗೆ ಬಂದಾಗಲೂ ಅಷ್ಟು ಗತ್ತಿನಲ್ಲಿ ಬಂದಿರಲಿಲ್ಲ.

ಆ ಎಮ್ಮೆ ಚೊಚ್ಚಲಿಗೆ ಈದದ್ದು ಮಣ್ಣೆತ್ತಿನ ಅಮಾವಾಸ್ಯೆ ಕಳೆದ ವಾರ, ಜಡಿಮಳೆಯಲ್ಲಿ. ಕರು ಬಹಳ ನಿಶ್ಶಕ್ತವಾಗಿತ್ತು, ಚಳಿಗೆ ನಡುಗುತ್ತಿತ್ತು. ಹೆಗಲ ಮೇಲಿದ್ದ ನನ್ನ ಕಂಬಳಿಯಲ್ಲೇ ಅದನ್ನು ಸುತ್ತಿ ಎಮ್ಮೆಯ ಮುಂದೆ ಮಲಗಿಸಿದೆವು. ಎರಡು ದಿನ ಬದುಕಿ ಕಣ್ಣು ಮುಚ್ಚಿತು. ಹಿತ್ತಲ ನುಗ್ಗೆಯ ಬುಡದಲ್ಲಿ ಉಪ್ಪು ಹಾಕಿ ಹೂತೆವು. ಕಂಬಳಿಯನ್ನು ಒಗೆದು ಹಾಕೆಂದು ಹೆಂಡತಿ ಹೇಳಿದಳು, ಮಳೆಗಾಲದಲ್ಲಿ ಒಗೆದರೆ ದೀಪಾವಳಿಗೆ ಒಣಗುತ್ತದೆ ಎಂದು ನಾನು ಅದನ್ನು ಒಯ್ದು ಗಾಣದ ಮನೆಯ ಗೂಟಕ್ಕೆ ನೇತುಹಾಕಿದೆ. "ನಾರತೈತ್ರಿ ಅದು," ಎಂದು ಅವಳು, "ನಾರಲಿ, ಕಂಬಳಿ ಅಂದ್ರ ನಾರಬೇಕು," ಎಂದು ನಾನು. ಮೈಗಳ್ಳನಿಗೆ ಮಾತಿಗೇನು ಕಡಿಮೆ.

ಕರು ಹೋದಮೇಲೆ ಎಮ್ಮೆ ತೊರೆ ಬಿಡಲಿಲ್ಲ. ಕರು ಮುಂದೆ ನಿಂತರೆ ತಾಯಿ ತಾನಾಗಿಯೇ ಕೆಚ್ಚಲಿಗೆ ಹಾಲಿಳಿಸುತ್ತದಲ್ಲ, ಅದೇ ತೊರೆ. ಅದಿಲ್ಲದಿದ್ದರೆ ಎಷ್ಟು ಎಳೆದರೂ ತಂಬಿಗೆಯ ತಳ ತೊಯ್ಯುವುದಿಲ್ಲ. ಹೆಂಡತಿ ಬೆಚ್ಚಗಿನ ನೀರು ಹಾಕಿದಳು, ಅಳ್ಳಿಟ್ಟು ತಿನ್ನಿಸಿದಳು, ಯಡೂರು ವೀರಭದ್ರನಿಗೆ ಕಾಯಿ ಹರಕೆ ಹೊತ್ತಳು. ಎಮ್ಮೆ ಎಲ್ಲ ತಿಂದು ಹಿಂಗಾಲು ಝಾಡಿಸಿತು. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುವುದು ಹಿಂದಿನವರ ಪದ್ಧತಿ. ಆದರೆ ಹೂಳುವಾಗಲೇ ಇವಳು, "ನನ್ನ ಕರದ ಮೈಗೆ ಯಾರೂ ಚೂರಿ ಹಚ್ಚಬ್ಯಾಡ್ರಿ," ಎಂದು ಅಡ್ಡ ನಿಂತಿದ್ದಳು. ಇಂಜೆಕ್ಷನ್ ಕೊಟ್ಟು ಹಾಲು ಇಳಿಸೋಣ ಎಂದು ಯಾರೋ ಅಂದದ್ದಕ್ಕೆ, ಅಂದವನಿಗೇ ಕೊಡುವ ಹಾಗೆ ನೋಡಿದಳು.

ಅಣ್ಣ ಎಷ್ಟು ದಿನ ಸುಮ್ಮನಿದ್ದಾನು? "ತೊರೀ ಬಿಡದ ಎಮ್ಮಿ ಕಟ್ಟಿ ಮೇಸಾಕ ನಾವೇನ್ ಸಂಸ್ಥಾನಿಕರಲ್ಲ. ಬರೂ ಸಂತಿಗೆ ಚಿಕ್ಕೋಡಿಗೆ ಹೊಡಿಯೂಣು. ಟೆಂಪೋದವಗ ಹೇಳೇನಿ," ಎಂದ. ಅವನು ಕೆಟ್ಟವನಲ್ಲ, ಮೇವಿನ ಹೊರೆ ಹೊರುವವನು ಅವನು.

ಅವನು ಹೋದಮೇಲೆ ಹೆಂಡತಿ ರೊಟ್ಟಿ ಬಡಿಯುತ್ತ ನನ್ನ ಕಡೆ ನೋಡದೆ, "ಅದೊಂದು ಹ್ವಾತಂದ್ರ ತವರಿಂದ ನನಗ ಏನೂ ಉಳ್ಯಾಂಗಿಲ್ಲ," ಎಂದಳು. ರೊಟ್ಟಿಯ ಬಡಿತ ಒಂದು ಸಲವೂ ತಪ್ಪಲಿಲ್ಲ. ಅವಳಿಗಾಗಿ ಏನಾದರೂ ಮಾಡಲೇಬೇಕು ಅನಿಸಿತು, ಮತ್ತು ನನಗೆ ಬರುವುದು ಒಂದೇ ವಿದ್ಯೆ.

"ನಾ ಒಂದು ಕರಾ ಮಾಡ್ತೇನಿ," ಎಂದೆ.

"ಖಡೂದಾಗ?" ಎಂದಳು.

ಮಸಾಲೆ ಅರೆಯುವುದಕ್ಕಿಂತ ಮೊದಲು ಯಾವ ಅಡುಗೆ ಎಂದು ಗೊತ್ತಿರಬೇಕು. ಯಾವುದರಲ್ಲಿ ಮಾಡುವುದು? ಕಲ್ಲು ಎಂಬುದು ಮೊದಲು ಬಂದ ಯೋಚನೆ, ಯಾಕೆಂದರೆ ಶಿಲ್ಪಿ ಎಂದೊಡನೆ ಉಳಿ ಹಿಡಿದು ಕುಳಿತ ನನ್ನ ಚಿತ್ರವೇ ನನಗೆ ಕಂಡಿತು. ಆದರೆ ಕರಿಕಲ್ಲಿನ ಕರುವನ್ನು ಹಟ್ಟಿಗೆ ಸಾಗಿಸಲು ಜೆಸಿಬಿ ಬೇಕು, ಕೆತ್ತಿ ಮುಗಿಸಲು ಇನ್ನೊಂದು ಜನ್ಮ ಬೇಕು. ಸಂತೆ ಮುಂದಿನ ವಾರವೇ ಇತ್ತು. ಜಾಲಿಯ ಕೊರಡು ಗಟ್ಟಿ, ಅದಕ್ಕೆ ಉಳಿ ಬಡಿದರೆ ಉಳಿಯೇ ವಾಪಸು ಬರುತ್ತದೆ. ಥರ್ಮಾಕೋಲು ಹಗುರ, ಆದರೆ ಎಮ್ಮೆ ಅದನ್ನು ಮೂಸುವ ಬದಲು ತಿಂದುಬಿಟ್ಟರೆ ಗತಿಯೇನು? ಇನ್ನು ಉಳಿದದ್ದು ಎರೆಮಣ್ಣು. ಅದು ಕಾಲ ಕೆಳಗೇ ಇತ್ತು. ಆದರೆ ಮನೆಯ ಗೂಡಿನಲ್ಲಿ ಅಮಾವಾಸ್ಯೆಗೆ ಮಾಡಿಟ್ಟ ಮಣ್ಣಿನ ಎತ್ತುಗಳ ಜೋಡಿಯನ್ನು ನೋಡಿದೆ. ಒಂದಕ್ಕೆ ಕೋಡು ಬಿದ್ದಿತ್ತು, ಇನ್ನೊಂದರ ಬೆನ್ನು ಬೇಸಿಗೆಯ ಹೊಲದ ಹಾಗೆ ಬಿರಿದಿತ್ತು. ಎರೆಮಣ್ಣಿನ ಬುದ್ಧಿಯೇ ಅದು, ನೀರು ಕುಡಿದಾಗ ಉಬ್ಬುತ್ತದೆ, ಆರಿದಾಗ ಬಾಯಿ ಬಿಡುತ್ತದೆ. ನನಗೆ ಶಾಶ್ವತವಾದದ್ದು ಬೇಕಿತ್ತು. ಒರೆಸಿಹೋದ ಮೊಲಗಳ ಸೇಡು ಒಳಗೆ ಕುದಿಯುತ್ತಿತ್ತು ಅಂತ ಕಾಣುತ್ತದೆ. ಸಿಮೆಂಟೇ ಸೈ ಎಂದೆ.

ಸುರಕ್ಷೆಯ ಸಾಮಾನಿನ ಹುಕುಂ ಬಂದದ್ದು ರಾಯಬಾಗದಿಂದ. ಅಲ್ಲಿ ನರ್ಸ್ ಆಗಿರುವ ಮಗಳು ಫೋನಿನಲ್ಲೇ ನನ್ನನ್ನು ಹಿಡಿದುಕೊಂಡಳು. "ಅಪ್ಪಾ, ಸಿಮೆಂಟ್ ಬರೇ ಕೈಲೇ ಮುಟ್ಟಬ್ಯಾಡ, ಚರ್ಮ ಸುಡತೈತಿ. ಜಾಳಿಗಿ ಕತ್ತರಸೂಮುಂದ ಚರ್ಮದ ಕೈಗವಸು, ಸಿಮೆಂಟ್ ಕಲಸೂಮುಂದ ರಬ್ಬರಿನವು. ಧೂಳಿಗೆ ಮಾಸ್ಕ್. ಸರಳ ಕೊಯ್ಯೂಮುಂದ ಗಾಗಲ್ ಹಾಕ್ಕೊ, ಮತ್ತ ನಿನ್ನ ಆ ನೈಲಾನ್ ಶರ್ಟ್ ತಗದ ಒಗೀ. ಕಿಡಿ ಸಿಡದ್ರ ಮೈಗೆ ಅಂಟಿಕೊಂಡ ಉರೀತೈತಿ." ನನ್ನ ಕಣ್ಣು, ಚರ್ಮ, ಪುಪ್ಪುಸಗಳ ಬಗ್ಗೆ ಅವಳಿಗಿದ್ದ ಕಾಳಜಿ ನನ್ನ ಕಲೆಯ ಬಗ್ಗೆ ಇರಲಿಲ್ಲ.

ಮಾಸ್ಕು ಆರಿಸುವುದೇ ಒಂದು ಪುರಾಣವಾಯಿತು. ನಿಪ್ಪಾಣಿಯವನು ತೋರಿಸಿದ್ದು ತಂಬಾಕಿನ ಧೂಳಿಗೆ ಕಟ್ಟಿಕೊಳ್ಳುವ ಬಟ್ಟೆಯದು, ಅದರೊಳಗಿಂದ ಸಿಮೆಂಟಿನ ನುಣುಪು ಪುಡಿ ಆರಾಮಾಗಿ ದಾಟುತ್ತದೆ. ಕೊನೆಗೆ ಅಣ್ಣ ದ್ರಾಕ್ಷಿಗೆ ಔಷಧಿ ಹೊಡೆಯುವಾಗ ಹಾಕುವ ಮುಖವಾಡವೇ ಸಿಕ್ಕಿತು. ಎರಡು ಕಡೆ ಡಬ್ಬಿ, ನಡುವೆ ಸೊಂಡಿಲಿನಂಥ ಮೂಗು. ಹಾಕಿಕೊಂಡರೆ ಉಸಿರು ಗಾಗಲ್ಲಿಗೆ ಹತ್ತಿ ಲೋಕವೆಲ್ಲ ಮಂಜು. ಕಬ್ಬು ಕಡಿಯುವವರ ಚರ್ಮದ ಗವಸು ಮನೆಯಲ್ಲೇ ಇತ್ತು. ಜಾಳಿಗೆ ಕತ್ತರಿಸಲು ದ್ರಾಕ್ಷಿ ಬಳ್ಳಿ ಸವರುವ ಚಾಟಣಿಯ ಕತ್ತರಿ ತೆಗೆದುಕೊಂಡೆ. ಅಣ್ಣನಿಗೆ ಅದು ಗೊತ್ತಾದದ್ದು ಕತ್ತರಿಯ ಬಾಯಿ ಮೊಂಡಾದ ಮೇಲೆ. ಉಸುಕು ಸೋಸಲು ಹೆಂಡತಿಯ ಹಿಟ್ಟಿನ ಜರಡಿ ಹೊತ್ತೊಯ್ದೆ. ಆ ವಿಷಯ ಅವಳಿಗೆ ಇವತ್ತಿಗೂ ಗೊತ್ತಿಲ್ಲ, ರೊಟ್ಟಿಯಲ್ಲಿ ಹರಳು ಬಂದಾಗಲೆಲ್ಲ ಗಿರಣಿಯವನನ್ನು ಬೈಯುತ್ತಾಳೆ.

ಕಿಡಿಗೆ ಏನು ಹಾಕಿಕೊಳ್ಳುವುದು ಎಂದು ನೋಡುವಾಗ ಗೂಟಕ್ಕೆ ನೇತಾಡುತ್ತಿದ್ದ ಕಂಬಳಿ ಕಂಡಿತು. ಕುರಿ ಕಾಯುವವರು ಒಲೆಯ ಮಗ್ಗುಲಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ, ಕಿಡಿ ಬಿದ್ದರೆ ಅಲ್ಲೇ ಕರಿಕಾಗಿ ಆರುತ್ತದೆ ಹೊರತು ಉಣ್ಣೆ ಧಗ್ಗನೆ ಹೊತ್ತುವುದಿಲ್ಲ. ಅದನ್ನೇ ಎದೆಯಿಂದ ಮೊಳಕಾಲವರೆಗೆ ಹಗ್ಗದಿಂದ ಬಿಗಿದುಕೊಂಡು ಕರೆಂಟಿನ ಕಟಿಂಗ್ ಮಶೀನಿನಿಂದ ಸರಳು ಕೊಯ್ದು ಬಗ್ಗಿಸಿದೆ. ಸಿಮೆಂಟಿನ ಕೆಲಸಕ್ಕೆ ಬೇರೆ ಪ್ಲಾಸ್ಟಿಕ್ಕಿನ ಹಾಳೆ ಕಟ್ಟಿಕೊಂಡು ಕಂಬಳಿಯನ್ನು ವಾಪಸು ಗೂಟಕ್ಕೆ ಹಾಕಿದೆ. ಎಷ್ಟು ಶಿಸ್ತು ನೋಡಿ. ಮುಖವಾಡ, ಗಾಗಲ್, ಗವಸು, ಗಮ್‌ಬೂಟು ತೊಟ್ಟು ಫೋಟೋ ತೆಗೆಸಿಕೊಂಡು ಮಗಳಿಗೆ ಕಳಿಸಿದೆ. "ಅಪ್ಪಾ, ಚಂದ್ರಲೋಕದಾಗ ಕರಂಟ್ ಐತೇನು?" ಎಂದು ಉತ್ತರ ಬಂತು. ಕರುವಿನ ಮೂಗು ಎಮ್ಮೆಯ ಮುಂದೆ ಎಷ್ಟೆತ್ತರಕ್ಕೆ ಬರಬೇಕೆಂದು ಅಳತೆ ತೆಗೆದುಕೊಳ್ಳಲು ಅದೇ ವೇಷದಲ್ಲಿ ಹಟ್ಟಿಗೆ ಹೋದೆ. ಎಮ್ಮೆ ನನ್ನನ್ನು ನೋಡಿ ಗೂಟ ಕಿತ್ತುಕೊಂಡು ಕಬ್ಬಿನೊಳಗೆ ನುಗ್ಗಿತು. ಅದನ್ನು ಹುಡುಕಿ ಕರೆತರುವುದರಲ್ಲಿ ಆ ದಿನ ಹೋಯಿತು.

ಗಾಣದ ಮನೆ ಆಗ ಖಾಲಿ. ಬೆಲ್ಲ ಬೇಯಿಸುವ ಹಂಗಾಮು ಮುಗಿದಿತ್ತು, ಒಲೆ ತಣ್ಣಗಿತ್ತು, ಮೂಲೆಯಲ್ಲಿ ಹಳೆಯ ಬೆಲ್ಲದ ಪೆಂಟಿಗಳಿದ್ದವು. ಸರಳಿನ ಚೌಕಟ್ಟಿಗೆ ಜಾಳಿಗೆ ಸುತ್ತಿದಾಗ ಕರುವಿನ ಆಕಾರ ಬಂತು, ನಾನೇ ನಂಬದಷ್ಟು ಚೆನ್ನಾಗಿ ಬಂತು. ಮುಂಗಾಲು ತುಸು ಅಗಲಿಸಿ, ಕತ್ತು ಮುಂದೆ ಚಾಚಿ, ಈಗತಾನೇ ನಿಲ್ಲಲು ಕಲಿತ ಕರು. ಅಣ್ಣ ಬಂದು ಸುತ್ತಲೂ ನೋಡಿದ. ಅವನ ಹುಬ್ಬು ಮೇಲೆ ಹೋಯಿತು.

"ಅಡ್ಡಿಯಿಲ್ಲಲೇ," ಎಂದ. ಅಣ್ಣನ ಬಾಯಿಂದ ಇದು ಪ್ರಶಸ್ತಿ. ಆಮೇಲೆ ಸಿಮೆಂಟಿನ ಚೀಲ ನೋಡಿ, "ಇದರಾಗ ಬೆಲ್ಲ ಹಾಕಿಯಿಲ್ಲೋ?" ಎಂದು ಕೇಳಿದ.

"ಬೆಲ್ಲ?"

"ನಮ್ಮ ವಾಡೇದ ಗ್ವಾಡಿ ಹೆಂಗ ನಿಂತಾವ ಅಂತ ತಿಳದಿ? ಗಾರೇದಾಗ ಬೆಲ್ಲದ ನೀರು ಹಾಕ್ಯಾರ ಹಿರ್ಯಾರು. ಬೆಲ್ಲ ಹಾಕಿದ್ರ ಕಲ್ಲಿನಂಗ ಹಿಡೀತೈತಿ."

ಇದು ನನಗೂ ಗೊತ್ತಿದ್ದದ್ದೇ. ಕಬ್ಬಿನ ನಾಡಿನಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ಗೊತ್ತು. ಅಜ್ಜ ಹೇಳಿದ್ದ, ಗೌಂಡಿಗಳು ಹೇಳಿದ್ದರು. ಬೆಲ್ಲ ಎಲ್ಲಿ ಬಿದ್ದರೂ ಒಳ್ಳೆಯದನ್ನೇ ಮಾಡುತ್ತದೆ ಎಂಬುದು ನಮ್ಮ ಸೀಮೆಯ ಧರ್ಮ. ಇಬ್ಬರೂ ಸೇರಿ ಒಂದು ಪೆಂಟಿ ಒಡೆದು ಕರಗಿಸಿದೆವು, ಇರಲಿ ಎಂದು ಇನ್ನೊಂದು ಅರ್ಧ ಸೇರಿಸಿದೆವು. ಸಿಮೆಂಟು ಪಾಯಸದ ಹಾಗೆ ಘಮಘಮಿಸಿತು. ಸಂಜೆಯೊಳಗೆ ಕರುವಿಗೆ ಮೈ ತುಂಬಿಸಿದೆ. ಹೆಂಡತಿಯ ಸೌಟಿನ ಬೆನ್ನಿನಿಂದ ತೀಡಿ ತೀಡಿ ಮೂಗಿನ ಹೊರಳೆ ಮಾಡಿದೆ. ಮಲಗಿದಾಗಲೂ ಕೈಗೆ ಆ ಮೂಗಿನ ನೆನಪಿತ್ತು.

ಮರುದಿನ ಮುಂಜಾನೆ ಸಿಮೆಂಟು ಹಿಡಿದಿರಲಿಲ್ಲ. ಮಳೆಗಾಲ, ತಡವಾಗುತ್ತದೆ ಎಂದುಕೊಂಡೆ. ಅದರ ಮರುದಿನವೂ ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ಹೊಟ್ಟೆ ಕೆಳಗೆ ಜಾರಿತ್ತು, ಕತ್ತು ದಪ್ಪವಾಗಿ ಭುಜದೊಳಗೆ ಇಳಿದಿತ್ತು, ಮೂಗು ಎದೆಯ ಮೇಲಿತ್ತು. ಕರು ದಿನದಿನಕ್ಕೆ ನಮ್ಮ ಗ್ರಾಮಪಂಚಾಯತಿಯ ಹಳೆಯ ಮೆಂಬರರೊಬ್ಬರನ್ನು ಹೋಲತೊಡಗಿತು. ಸಾಲದ್ದಕ್ಕೆ ಇರುವೆಗಳಿಗೆ ಸುದ್ದಿ ಮುಟ್ಟಿತ್ತು. ಬಾಗಿಲಿನಿಂದ ಕರುವಿನ ಬಾಲದವರೆಗೆ ಕೆಂಪಿರುವೆಗಳ ದಿಂಡಿ ಹೊರಟಿತ್ತು, ಪಂಢರಪುರದ ದಾರಿಯಲ್ಲಿ ಹೊರಡುತ್ತದಲ್ಲ, ಹಾಗೆ.

ಹೆಂಡತಿ ಬಂದು ಬಾಗಿಲಲ್ಲೇ ನಿಂತಳು. "ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡೀರಿ," ಎಂದಳು.

ಚಿಕ್ಕೋಡಿಯಲ್ಲಿ ಮನೆ ಕಟ್ಟಿಸುವ ಕಾಂಟ್ರಾಕ್ಟರ್ ಒಬ್ಬ ನನ್ನ ಹಳೆಯ ಶಿಷ್ಯ. ಫೋನು ಮಾಡಿದೆ. ಆತ ನಗುವನ್ನು ಹಿಡಿದುಕೊಂಡೇ ಮಾತಾಡಿದ. "ಸರ, ಬೆಲ್ಲ ಸುಣ್ಣದ ಗಾರೇಕ ಹಾಕೂದು. ಸಿಮೆಂಟಿಗೆ ಸಕ್ರಿ ಬೆಲ್ಲ ಅಂದ್ರ ವಿಷ. ಒಂದ್ ಮುಟಗಿ ಬಿದ್ರ ಸಾಕು, ಹಿಡ್ಯಾಂಗಿಲ್ಲ. ನೀವು ಎಷ್ಟ ಹಾಕೀರಿ?" ನಾನು ಫೋನು ಇಟ್ಟುಬಿಟ್ಟೆ. ಬೆಲ್ಲದ ಮಾತು ತೆಗೆದವನು ತಾನೇ ಅಲ್ಲವೆಂಬ ಹಾಗೆ ಅಣ್ಣ ಔಷಧಿ ಹೊಡೆಯುವ ಪಂಪು ತಂದು ಇಡೀ ಕರುವನ್ನು ನೀರಿನಿಂದ ತೊಳೆದುಬಿಟ್ಟ. ನನ್ನ ಶಾಶ್ವತ ಶಿಲ್ಪ ಚರಂಡಿಯಲ್ಲಿ ಸಿಹಿಯಾಗಿ ಹರಿದುಹೋಯಿತು. ಚೌಕಟ್ಟು ಮಾತ್ರ ಉಳಿಯಿತು.

ಸಂತೆಗೆ ಒಂದೇ ದಿನ ಇತ್ತು. ಹೆಂಡತಿ ಎಮ್ಮೆಗೆ ಮೈ ತಿಕ್ಕಿ, ಕೋಡಿಗೆ ಎಣ್ಣೆ ಸವರುತ್ತಿದ್ದಳು. ಸಂತೆಗೆ ಹೊರಡಿಸುವ ಸಿಂಗಾರವೋ, ಬೀಳ್ಕೊಡುವ ಸಿಂಗಾರವೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಹೊಲಕ್ಕೆ ಹೋಗಿ ಎರೆಮಣ್ಣು ಹೊತ್ತು ತಂದೆ. ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಕಾಲಿನಿಂದ ತುಳಿದೆ. ಗವಸಿಲ್ಲ, ಗಾಗಲ್ ಇಲ್ಲ, ಮಾಸ್ಕಿಲ್ಲ, ಬೇಕೂ ಇರಲಿಲ್ಲ. ಮಣ್ಣು ಜಾಳಿಗೆಯನ್ನು ಕಚ್ಚಿ ಹಿಡಿಯಿತು. ಬಣ್ಣ ಹಚ್ಚುವ ಕೆಲಸವೂ ಇಲ್ಲ, ಎರೆಯ ಬಣ್ಣವೇ ಎಮ್ಮೆಯ ಬಣ್ಣ. ಬಿರಿಯಲಿ ಬಿಡು, ನಾಳೆ ಒಂದು ಮುಂಜಾನೆ ನಿಂತರೆ ಸಾಕು ಎಂದು ಬೇಡಿಕೊಂಡೆ. ಬದುಕಿನಲ್ಲಿ ನಾನು ಮಾಡಿದ ಅತ್ಯುತ್ತಮ ವಸ್ತು ಅದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅಣ್ಣ, ನಾನು ಸೇರಿ ಕರುವನ್ನು ಕೈಗಾಡಿಯಲ್ಲಿಟ್ಟು ಹಟ್ಟಿಗೆ ತಳ್ಳಿದೆವು. ಜಿನುಗು ಮಳೆ ಹಿಡಿದಿತ್ತು. ಹೊರಡುವಾಗ ನಾನು ಗೂಟದ ಕಂಬಳಿ ಎಳೆದು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡೆ. ಟೆಂಪೋ ಆಗಲೇ ಬಂದು ಬಾಗಿಲ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಹೆಂಡತಿ ತಂಬಿಗೆ ಹಿಡಿದು ಎಮ್ಮೆಯ ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಕರುವನ್ನು ಎಮ್ಮೆಯ ಮೂಗಿನ ಮುಂದೆ ಇಟ್ಟು ನಾವು ಬಾಗಿಲಿಗೆ ಸರಿದೆವು.

ಎಮ್ಮೆ ನೋಡಿತು. ಕತ್ತು ಚಾಚಿ ಕರುವಿನ ಮೂಗು ಮೂಸಿತು, ನಾನು ಅಷ್ಟು ಕಷ್ಟಪಟ್ಟು ಮಾಡಿದ ಹೊರಳೆಯನ್ನು. ಆಮೇಲೆ ನಿಧಾನಕ್ಕೆ ತಿರುಗಿ ನಿಂತು, ಬಾಲ ಎತ್ತಿ, ಶಿಲ್ಪದ ಮುಂದೆಯೇ ಸಗಣಿ ಹಾಕಿತು. ಜಿಲ್ಲಾ ಮಟ್ಟದ ಚಿತ್ರಕಲಾ ಸ್ಪರ್ಧೆಗಳಲ್ಲಿ ಎಂತೆಂಥ ತೀರ್ಪುಗಾರರನ್ನು ಕಂಡಿದ್ದೇನೆ, ಇಷ್ಟು ಸ್ಪಷ್ಟ ಅಭಿಪ್ರಾಯ ಯಾರೂ ಕೊಟ್ಟಿರಲಿಲ್ಲ. ತಿರುಗುವಾಗ ಉದ್ದ ಕೋಡು ತಾಗಿ ಕರುವಿನ ತಲೆ ಕಳಚಿ ಧೊಪ್ಪೆಂದು ಬಿತ್ತು.

"ಆತು ಬಿಡಪಾ," ಎಂದ ಅಣ್ಣ. ಅವನ ದನಿಯಲ್ಲಿ ಹಂಗಿಸುವುದು ಏನೂ ಇರಲಿಲ್ಲ. "ಹಗ್ಗ ಬಿಚ್ಚತೇನಿ."

ಹೆಂಡತಿ ಎದ್ದಿರಲಿಲ್ಲ. ತಂಬಿಗೆ ಹಿಡಿದು ಹಾಗೇ ಕುಳಿತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು. ಅಣ್ಣ ಹಗ್ಗಕ್ಕೆ ಕೈ ಹಾಕುವ ಮೊದಲು ಆ ತಲೆಯನ್ನಾದರೂ ಎತ್ತಿಕೊಳ್ಳೋಣ ಎಂದು ನಾನು ಒಳಗೆ ಹೋಗಿ ಎಮ್ಮೆಯ ಮುಂದೆ ಮೊಳಕಾಲೂರಿದೆ. ಮಣ್ಣಿನ ತಲೆ ಎರಡು ಹೋಳಾಗಿತ್ತು. ಜೋಡಿಸಲು ಬಗ್ಗಿದಾಗ ಕತ್ತಿನ ಮೇಲೆ ಬಿಸಿ ಉಸಿರು ಬಿತ್ತು.

ಎಮ್ಮೆ ನನ್ನನ್ನು ಮೂಸುತ್ತಿತ್ತು. ಕಂಬಳಿಯ ಅಂಚು, ಬೆನ್ನು, ಮತ್ತೆ ಅಂಚು. ಬಾಯಿ ಮುಚ್ಚಿಕೊಂಡೇ ಒಳಗಿನಿಂದ ಒಂದು ಸಣ್ಣ ದನಿ ತೆಗೆಯಿತು. ಈದ ದಿನ ಬಿಟ್ಟರೆ ಆ ದನಿಯನ್ನು ನಾವು ಕೇಳಿರಲಿಲ್ಲ. ಆಮೇಲೆ ಗರಗಸದಂಥ ನಾಲಿಗೆ ಕಂಬಳಿಯ ಮೇಲೆ ಉದ್ದಕ್ಕೆ ಹರಿಯಿತು. ಕರು ಬದುಕಿದ್ದ ಎರಡು ದಿನವೂ ಇದೇ ಕಂಬಳಿಯಲ್ಲಿತ್ತು ಎಂಬುದು ಆಗಷ್ಟೇ ನನ್ನ ತಲೆಗೆ ಹೊಳೆಯಿತು. ಕೊಪ್ಪೆ ಹಿಂದೆ ಜಾರಿತು, ನಾಲಿಗೆ ನನ್ನ ಕಿವಿಗೆ ಬಂತು, ಕಿವಿಯಿಂದ ನೆತ್ತಿಗೆ.

ಏಳಲು ಹೋದೆ.

"ಅಳ್ಯಾಡಬ್ಯಾಡ್ರೀ!" ಎಂದು ಹೆಂಡತಿ ಚೀರಿದಳು. ಆಮೇಲೆ ದನಿ ಇಳಿಸಿ, "ಕೈಮುಗೀತೇನ್ರಿ, ಹಂಗ ಕುಂದರ್ರಿ. ತೊರೀ ಬಂದೈತಿ."

ಕುಳಿತೆ. ಹಟ್ಟಿಯಲ್ಲಿ ಎರಡೇ ಸದ್ದು, ನನ್ನ ತಲೆಯ ಮೇಲೆ ಸರಸರ, ತಂಬಿಗೆಯಲ್ಲಿ ಸೊರ್ ಸೊರ್. ಮೊದಲು ಬರಿ ತಂಬಿಗೆಗೆ ಬಿದ್ದ ಹಾಲಿನ ಸದ್ದು ತೆಳುವಾಗಿತ್ತು, ಬರಬರುತ್ತ ದಪ್ಪವಾಯಿತು. ನಡುನಡುವೆ ಹೆಂಡತಿ ಮೂಗೆಳೆದುಕೊಳ್ಳುತ್ತಿದ್ದಳು. ಕರು ಸತ್ತ ದಿನವೂ ಅತ್ತವಳಲ್ಲ ಅವಳು, ಎಮ್ಮೆಯ ಹೊಟ್ಟೆಗೆ ಹಣೆ ಹಚ್ಚಿ ಅಳುತ್ತಲೇ ಹಿಂಡಿದಳು. ನನಗೂ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ, ಆ ಕೆಲಸವನ್ನೂ ಎಮ್ಮೆಯೇ ಮಾಡಿತು.

ಹೊರಗೆ ಟೆಂಪೋದವನು ಮತ್ತೆ ಹಾರ್ನ್ ಹೊಡೆದ. "ಏನ್ರೀ, ಬಿಚ್ಚತೀರೋ ಇಲ್ಲೋ?"

ಬಾಗಿಲಲ್ಲಿದ್ದ ಅಣ್ಣ ನನ್ನನ್ನು ನೋಡಿದ, ಎಮ್ಮೆಯನ್ನು ನೋಡಿದ. ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ಅವನ ಮಾತು ಒಳಗೆ ಸರಿಯಾಗಿ ಕೇಳಿಸಿತು.

"ಇಲ್ಲೋ ತಮ್ಮಾ, ನೀ ನಡಿ. ಎಮ್ಮಿ ಮಾರಾಂಗಿಲ್ಲ. ಕರಾ ಇನ್ನಾ ಸಣ್ಣದೈತಿ."

ನೀವು ಕೇಳುತ್ತೀರಿ, ಕಂಬಳಿಯನ್ನೇ ಆ ಚೌಕಟ್ಟಿಗೆ ಹೊದಿಸಿದರಾಗಿತ್ತಲ್ಲ ಎಂದು. ಮರುದಿನ ನಾನೂ ಅದನ್ನೇ ಮಾಡಿದೆ, ಕಲಾವಿದನಿಗೂ ಮಾನವಿರುತ್ತದೆ. ಎಮ್ಮೆ ಒಂದು ಸಲ ನೆಕ್ಕಿತು, ಚೌಕಟ್ಟಿನ ಹಿಂದೆ ಮುಂದೆ ನೋಡಿತು, ಕತ್ತೆತ್ತಿ ಬಾಗಿಲತ್ತ ಕೂಗತೊಡಗಿತು. ಹಾಲು ನಿಂತಿತು. ಅದಕ್ಕೆ ಮೂಳೆ ಸರಳಿನದಾದರೆ ನಡೆಯದು, ಉಸಿರಾಡುವಂಥದೇ ಆಗಬೇಕು. ಅಲ್ಲಿಂದ ಈಚೆಗೆ ಹೊತ್ತಿಗೊಮ್ಮೆ ಹೋಗಿ ಕೂರುವುದು ನನ್ನ ಕೆಲಸ. ಯಡೂರಿಗೆ ಹೋಗಿ ಕಾಯಿ ಒಡೆಸಿ ಬಂದದ್ದೂ ಎರಡು ಹಿಂಡುವಿಕೆಗಳ ನಡುವೆಯೇ. ಕಾಗವಾಡದ ಕಡೆ ಒಂದು ಮದುವೆಗೆ ಹೋದಾಗ ಬೀಗರು ನನ್ನ ತಲೆ ನೋಡಿ, ಈ ವಯಸ್ಸಿನಲ್ಲೂ ಕೂದಲು ಎಷ್ಟು ಒಪ್ಪವಾಗಿ ಒಂದೇ ಕಡೆ ಬಾಚುತ್ತೀರಿ ಎಂದರು. ಬಾಚುವುದು ನಾನಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಸುರಕ್ಷೆಯ ಸಾಮಾನಿನಲ್ಲಿ ಗಾಗಲ್ ಒಂದು ಉಪಯೋಗಕ್ಕೆ ಬಂದಿದೆ, ಆ ನಾಲಿಗೆ ಕಣ್ಣಿಗೆ ತಾಗಿದರೆ ಉರಿಯುತ್ತದೆ.

ನನ್ನ ತಾಯಿ ಹೋಗಿ ಬಹಳ ವರ್ಷಗಳಾದವು. ಶಾಲೆಗೆ ಹೊರಡುವಾಗ ಗದ್ದ ಹಿಡಿದು ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು, ಅಲ್ಲಾಡಿದರೆ ಬಾಚಣಿಗೆಯಿಂದಲೇ ಒಂದು ಬಾರಿಸುತ್ತಿದ್ದಳು. ಅವಳ ನಂತರ ನನ್ನ ತಲೆಯನ್ನು ಹಾಗೆ ಹಿಡಿದು ಬಾಚಿದವರಿಲ್ಲ. ಇದನ್ನು ನಾನು ಹೆಂಡತಿಗೆ ಹೇಳಿಲ್ಲ, ಆದರೆ ಅವಳಿಗೆ ಗೊತ್ತಿರಬೇಕು. ನಾನು ಹಾಳೆ ಹರಡಿಕೊಂಡು ಮುಂದಿನ ಶಿಲ್ಪದ ನಕ್ಷೆ ಬರೆಯುತ್ತ ಕುಳಿತಿದ್ದರೆ, ಸಂಜೆ ಹಿಂಡುವ ಹೊತ್ತಿಗೆ ತಂಬಿಗೆ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಗೂಟದ ಕಂಬಳಿಯನ್ನು ನನ್ನ ಮಡಿಲಿಗೆ ಎಸೆಯುತ್ತಾಳೆ. ಅದನ್ನು ಒಗೆಯುವ ಮಾತನ್ನು ಈಗ ಅವಳು ಎತ್ತುವುದಿಲ್ಲ.

"ಏಳ್ರಿ," ಎನ್ನುತ್ತಾಳೆ. "ನಿಮ್ಮವ್ವ ಕರಿಯಾಕತ್ತಾಳ."